ಆಯಿ ನಡೆದ ಓಣಿ

ಬಟ್ಟೆಗೆ ಹಾಕುವ ಗಂಜಿಯ ವಾಸನೆ ಬಂದರೆ ಸಾಕು, ಇವತ್ತಿಗೂ ನನಗೆ ರಬಕವಿಯ ನಮ್ಮ ಓಣಿ ನೆನಪಾಗುತ್ತದೆ.

ಆಗಿನ್ನೂ ಸಂಸ್ಥಾನದ ಕಾಲ. ಸೀರೆ ನೇಯಲು ಮಗ್ಗಕ್ಕೇರಿಸುವ ಮೊದಲು, ಗಂಜಿ ಹಾಕಿದ ನೂಲನ್ನು ಓಣಿಯುದ್ದಕ್ಕೂ ನೆಟ್ಟ ಗೂಟಗಳಿಗೆ ಎಳೆಎಳೆಯಾಗಿ ಹಾಯಿಸುವುದು ಆಯಿಯ, ಅಂದರೆ ಅಪ್ಪನ ತಾಯಿಯ ಕೆಲಸ. ನೂಲನ್ನು ಬೆರಳ ಸಂದಿಯಲ್ಲಿ ಬಿಡುತ್ತ ಆ ತುದಿಯಿಂದ ಈ ತುದಿಗೆ ದಿನವಿಡೀ ನಡೆಯುತ್ತಿದ್ದಳು. ಒಮ್ಮೆ ಅಪ್ಪ ಅದೇ ಕೆಲಸಕ್ಕೆಂದು, ನಿಂತಲ್ಲೇ ತಿರುಗಿಸುವ ಕಟ್ಟಿಗೆಯ ದೊಡ್ಡ ಚಕ್ರ ತಂದ. ಗೂಟಗಳನ್ನೆಲ್ಲ ಕಿತ್ತ.

"ಯವ್ವಾ, ನಡದದ್ದು ಸಾಕು. ಇನ್ನ ಆರಾಮ ಕುಂದರು" ಅಂದ.

ಆಯಿ ಎರಡು ದಿನ ಕಟ್ಟೆಯ ಮೇಲೆ ಕುಳಿತಳು. ಮೂರನೆಯ ದಿನ ಮಧ್ಯಾಹ್ನ ಎದ್ದು, ಸೆರಗು ಸಿಕ್ಕಿಸಿಕೊಂಡು ಓಣಿಗಿಳಿದಳು. ಗೂಟ ಕಿತ್ತ ಕುಳಿ ಬಂದಲ್ಲೆಲ್ಲ ಮೊದಲಿನಂತೆಯೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೈ ತಿರುಗಿಸುತ್ತ ನಡೆದಳು.

ನಾನು ಹಿಂದೆಯೇ ಓಡಿದೆ. "ಆಯೀ, ಕೈಯಾಗ ನೂಲ ಇಲ್ಲಲ್ಲ?"

"ನೂಲ ಇಲ್ಲಂದ್ರೇನಾತು, ಕಾಲ ಅದಾವಲ್ಲ! ಇವತ್ತ ಕುಂತ್ರ ನಾಳೆ ಇವು ಏಳಾಕ ಬಿಡೂದಿಲ್ಲ."

ಅವಳ ಬರಿಗಾಲ ಹಿಮ್ಮಡಿಗಳು ಮಣ್ಣಿನಲ್ಲಿ ಸರಸರ ಸದ್ದು ಮಾಡುತ್ತಿದ್ದವು. ಆಟದ ಹುರುಪಿನಲ್ಲಿ ನಾನು ಎರಡು ಕುಳಿಗಳ ನಡುವೆ ಅಡ್ಡ ಹಾಯಲು ಹೋದೆ.

"ಹುಷಾರಬೇ, ಎಳಿ ಹರದೀತು!" ಎಂದು ಗದರಿದಳು.

ನಾನು ನಿಂತೆ. ಅವಳ ಮುಖ ನೋಡಿದೆ. ಆಮೇಲೆ ತಲೆ ಬಗ್ಗಿಸಿ, ಅಲ್ಲಿಲ್ಲದ ಆ ಎಳೆಗಳ ಅಡಿಯಿಂದ ಮೆಲ್ಲಗೆ ನುಸುಳಿ ಆಚೆ ಹೋದೆ.