ಆಟೋದ ಸಾಕ್ಷಿ

ಕೆಂಪು ದೀಪ ದಾಟಿದೆನೆಂದು ಒಪ್ಪಿಕೊಂಡರೆ ಮರಿಸ್ವಾಮಿಯ ಲೈಸೆನ್ಸು ಆರು ತಿಂಗಳು ಅಮಾನತು, ಮನೆಯ ಒಲೆಯೂ ತಣ್ಣಗೆ. ಒಪ್ಪದೆ ಕೇಸು ನಡೆಸಿದರೆ, ಎಲ್ಲರ ವಾಹನಗಳಂತೆ ಅವನ ಆಟೋವೂ ಕೋರ್ಟಿನಲ್ಲಿ ನಿಂತು ಆ ದಿನ ಕಂಡದ್ದು, ಕೇಳಿದ್ದು ಎಲ್ಲವನ್ನೂ ಹೇಳಬೇಕು. ವಾಹನಗಳಿಗೆ ಮಾತು ಬಂದಿತ್ತು, ಸುಳ್ಳು ಬಂದಿರಲಿಲ್ಲ.

"ದೀಪ ಹಸಿರಾಗೇ ಇತ್ತಣ್ಣ. ನಾವೇ ಗೆಲ್ಲೋದು," ಎಂದು ಕೋರ್ಟಿನ ಮುಂದಿನ ಬೇವಿನ ಮರದಡಿ ಆಟೋ ಹುರುಪಿನಲ್ಲಿತ್ತು.

ಅಷ್ಟರಲ್ಲಿ ಇಸ್ತ್ರಿ ಅಂಗಿಯ ಅಪರಿಚಿತನೊಬ್ಬ ಬಂದು ಮರಿಸ್ವಾಮಿಯ ಹೆಗಲ ಮೇಲೆ ಕೈಯಿಟ್ಟ. "ಬಡವರಿಗೆ ಅನ್ಯಾಯ ಆಗಬಾರದು ಯಜಮಾನ್ರೇ. ಕೇಸ್ ನಡೆಸಿ, ವಕೀಲರ ಖರ್ಚು ನಂದು. ಆಟೋ ಒಂದ್ಸಲ ಬಾಯಿಬಿಟ್ರೆ ಸಾಕು."

ಅವನು ಒಳಗೆ ಹೋದ ಮೇಲೆ ಆಟೋ ಪಿಸುಗುಟ್ಟಿತು. "ಅಣ್ಣ, ಅವತ್ತು ಮಗು ಎತ್ಕೊಂಡು ನಡುಗ್ತಾ ಹತ್ತಿದ್ರಲ್ಲ ಒಬ್ರು ಅಕ್ಕ, ಅವರ ಫೋನಲ್ಲಿ 'ಎಲ್ಲಿದ್ರೂ ಹುಡುಕಿ ಸಾಯಿಸ್ತೀನಿ' ಅಂದಿದ್ದು ಇದೇ ದನಿ."

ಮರಿಸ್ವಾಮಿ ಕೋರ್ಟಿನ ಬಾಗಿಲ ಕಡೆ ತಿರುಗಿ ನೋಡಿದ. "ಅವರನ್ನ ಎಲ್ಲಿ ಇಳಿಸಿದ್ವಿ ಅಂತ ಕೇಳಿದ್ರೆ?"

"ಹೇಳ್ಲೇಬೇಕಲ್ಲಣ್ಣ."

ಜವಾನ ಹೆಸರು ಕೂಗಿದ. ಒಳಗೆ ಇಸ್ತ್ರಿ ಅಂಗಿಯವನು ಮುಂದಿನ ಬೆಂಚಿನಲ್ಲಿ ಕತ್ತು ಚಾಚಿ ಕೂತಿದ್ದ.

"ಆಟೋನ ಕರೆಸೋದೇನಪ್ಪಾ?" ಎಂದು ನ್ಯಾಯಾಧೀಶರು ಕೇಳಿದರು.

ಮರಿಸ್ವಾಮಿ ಕೈಮುಗಿದ. "ಬೇಡ ಸ್ವಾಮಿ. ತಪ್ಪು ನಂದೇ. ಕೆಂಪು ಇತ್ತು, ನುಗ್ಗಿಬಿಟ್ಟೆ."

ಬೆಂಚಿನವನ ಮುಖ ಕಪ್ಪಿಟ್ಟಿತು.

ಹೊರಗೆ ಬಂದಾಗ ಆಟೋ ಆತುರದಿಂದ ಕೇಳಿತು. "ಗೆದ್ವಾ ಅಣ್ಣ?"

"ಗೆದ್ವಿ ಕಣೋ," ಎಂದ ಮರಿಸ್ವಾಮಿ, ಇನ್ನು ಓಡಿಸುವಂತಿಲ್ಲದ ಆಟೋವನ್ನು ನ್ಯೂಟ್ರಲ್ಲಿಗೆ ಹಾಕಿ, ಹೆಗಲು ಕೊಟ್ಟು ಮನೆಯ ಕಡೆ ತಳ್ಳತೊಡಗಿದ.