ಹೂಕುಂಡ ಹೊತ್ತು ಹೊರಟವಳು

ಅವಳಿ ಮಕ್ಕಳಿಗೆ ಜ್ವರ ಬರಿಸಿ, ಹಕ್ಕಿ ನೋಡುವ ವಿಧವೆಗೆ ಹೊಸ ಕನ್ನಡಕ ಹಾಕಿಸಿ, ಅವಳು ಒಲೆಯ ಉರಿ ಸಣ್ಣ ಮಾಡಿದಳು. ಹತ್ತು ಗಂಟೆಯೊಳಗೆ ಇನ್ನೂ ಮೂವರು ಹೆಂಗಸರು ತಲಾ ಇನ್ನೂರು ಪದ ಬರೆಯಬೇಕಿತ್ತು. ಮೂವರೂ ಅವಳೇ.

ಅಕ್ಕನ ಮಗ ಕಟ್ಟಿದ ಕಂಪನಿಯ ಕಸುಬು ಇದು: ಅಂತರ್ಜಾಲದ ಗುಂಪುಗಳಿಗೆ ಮೂವತ್ತು ದಿನ ಒಟ್ಟಿಗೆ ಬರೆಯುವ ಕಾರ್ಯಕ್ರಮ ನಡೆಸಿಕೊಡುವುದು. ಹಕ್ಕಿ ನೋಡುವವರು, ಹೊಸ ತಾಯಂದಿರು, ಸಿಗರೇಟು ಬಿಟ್ಟವರು, ಬಿಡುತ್ತೇನೆ ಎನ್ನುವವರು. ಎಲ್ಲರ ಹೊಟ್ಟೆಯಲ್ಲೂ ಹೇಳದೆ ಉಳಿದದ್ದೊಂದು ಇದ್ದೇ ಇರುತ್ತದೆ ಎಂಬುದೇ ಅವನ ಬಂಡವಾಳ.

ತೊಂದರೆ ಒಂದೇ. ಮೊದಲ ದಿನ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಚಿಕ್ಕಮ್ಮ ಬೇಕು. ಅವಳು ಕರಡು ತಿದ್ದುತ್ತಿದ್ದ ಮುದ್ರಣಾಲಯ ಮುಚ್ಚಿದ ಮರುವಾರವೇ ಅವನು ಅವಳನ್ನು ಕೆಲಸಕ್ಕೆ ಕರೆದುಕೊಂಡ. ಪ್ರತಿ ಗುಂಪಿಗೂ ಒಂದೊಂದು ಸುಳ್ಳು ಹೆಸರಿನಲ್ಲಿ ಸೇರಿ ಎಲ್ಲರಿಗಿಂತ ಮೊದಲು ಬರೆಯುವುದು ಅವಳ ಪಾಲಿನ ಕೆಲಸ. ಆಮೇಲೆ ಉಳಿದವರಿಗೆ ಧೈರ್ಯ ಬರುತ್ತದೆ. ಕಂಪನಿಯ ಕಾಗದದಲ್ಲಿ ಅವಳು 'ಸಮುದಾಯ ಪ್ರೇರಕಿ'. ಅವಳ ಪ್ರಕಾರ ಹೆಪ್ಪು. ಎರಡು ವರ್ಷದಲ್ಲಿ ಮೂರು ಗುಂಪು ಹನ್ನೊಂದಾಗಿದ್ದವು. ಹನ್ನೊಂದು ಪಾತ್ರೆಗೂ ಅದೇ ಹೆಪ್ಪು.

ಗಂಡ ಬಂದು ತಿಂಡಿ ತಿಂದು, ಕೈ ತೊಳೆದು, ತನ್ನ ಕೋಣೆಗೆ ಹೋದ. ಉಪ್ಪು ಹೆಚ್ಚಾಯಿತು ಎನ್ನಲಿಲ್ಲ, ಕಡಿಮೆಯಾಯಿತು ಎನ್ನಲಿಲ್ಲ. ಮನೆಯಲ್ಲೇ ಕೂತು ದುಡಿಯುವ ಹೆಂಗಸಿಗೆ ಇಂಥ ಗಂಡ ಸಿಗುವುದು ಪುಣ್ಯ ಎಂದು ಅಕ್ಕ ಆಗಾಗ ಹೇಳುತ್ತಾಳೆ.

ಫೋನು ಬಡಿದುಕೊಂಡಿತು. ಅಕ್ಕನ ಮಗ.

"ಚಿಕ್ಕಮ್ಮ, ಮುಳುಗಿದ್ವಿ!"

"ಬೆಳಿಗ್ಗೆ ಬೆಳಿಗ್ಗೆ ಏನೋ ನಿಂದು?"

"ಮನೆ ಬಿಟ್ಟವರ ಗುಂಪಲ್ಲಿ ನಿಮ್ಮ 'ಮೂರನೇ ಮಹಡಿ' ಸಿಕ್ಕಿಬಿದ್ದಿದಾಳೆ. ಇವಳು ಸುಳ್ಳು ಅಂತ ದೂರು ಬಂದಿದೆ. ಅವಳನ್ನ ತೆಗೀದಿದ್ರೆ ಗುಂಪೇ ಕೈಬಿಟ್ಟು ಹೋಗುತ್ತಂತೆ."

ಗಂಡನ ಮನೆ ಬಿಟ್ಟುಬಂದ ಮುನ್ನೂರು ಹೆಂಗಸರ ಆ ಗುಂಪು ಕಂಪನಿಯ ಪಾಲಿಗೆ ಆನೆ. ಮುಂದಿನ ವಾರ ಬರುವ ಹೂಡಿಕೆದಾರರಿಗೆ ತೋರಿಸಲು ಇದ್ದದ್ದು ಅದೊಂದೇ. ಅದು ಹೋದರೆ ಕಂಪನಿ ಹೋಯಿತು, ಅವಳ ಕೆಲಸವೂ ಹೋಯಿತು.

ಅಲ್ಲಿ ಅವಳು ಇಟ್ಟುಕೊಂಡಿದ್ದ ಸುಳ್ಳು ಹೆಸರು 'ಮೂರನೇ ಮಹಡಿ'; ಇಪ್ಪತ್ತಾರು ವರ್ಷ ಬಾಳಿ ಒಂದು ಬೆಳಿಗ್ಗೆ ಹೊರಟುಬಂದವಳು. ಅವಳ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಡಬ್ಬದ ಮುಚ್ಚಳ ಸರಿಯಾಗಿ ಹಾಕಿಲ್ಲವೆಂದು ನಲವತ್ತು ದಿನ ಮಾತು ಬಿಟ್ಟವನು. ಹದಿಮೂರನೇ ದಿನ ಅವಳ ತಾಯಿ ತೀರಿಕೊಂಡಾಗಲೂ, ಶಿಕ್ಷೆಯ ಅವಧಿ ಮುಗಿಯದ ಕಾರಣ, ಬಾಯಿ ತೆರೆಯದವನು.

"ಚಿಕ್ಕಪ್ಪನಂಥ ಬಂಗಾರದ ಮನುಷ್ಯನ್ನ ಇಟ್ಕೊಂಡು ನಿಮಗೆ ಎಂಥೆಂಥ ಗಂಡಂದಿರು ಹೊಳೀತಾರಪ್ಪ! ಸ್ವಲ್ಪ ನಂಬೋ ಹಾಗೆ ಬರೀಬಾರ್ದಾ?"

"ನೀನು ಓದಿದ್ಯಾ?"

"ಓದೋಕೆ ಪುರುಸೊತ್ತೆಲ್ಲಿ? ಎಷ್ಟು ಪದ ಅಂತ ನೋಡ್ತೀನಿ. ನೀವೇ ಆ ಗುಂಪಿನ ಮುಖ್ಯಸ್ಥೆ ಹತ್ರ ಮಾತಾಡಿ. ಕಂಪನಿಯಿಂದ ತನಿಖೆ ಅನ್ನಿ."

ಹೀಗೆ ಆರೋಪಿಯೇ ತನಿಖಾಧಿಕಾರಿಯಾದಳು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ವರ್ಷಗಳೇ ಹಿಡಿಯುತ್ತವೆ; ಇವರು ಎರಡೇ ವರ್ಷದಲ್ಲಿ ಅಷ್ಟು ಬೆಳೆದಿದ್ದರು.

ಮುಖ್ಯಸ್ಥೆ ಒಬ್ಬ ನರ್ಸು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಏನನ್ನೋ ಅಗಿಯುತ್ತಲೇ ಫೋನಿನಲ್ಲಿ ಮಾತಾಡಿದಳು.

"ಗಂಡನ ಬಗ್ಗೆ ನಮ್ಮ ತಕರಾರಿಲ್ಲ ಮೇಡಂ. ಅಂಥವನು ನಮ್ಮಲ್ಲೇ ಆರು ಜನರ ಮನೇಲಿದ್ದ. ಬ್ಯಾಗು ನೋಡಿ, ಬ್ಯಾಗು."

ಆ ಗುಂಪಿನಲ್ಲಿ ಒಂದು ಕ್ರಮವಿತ್ತು. ಸೇರಿದವರೆಲ್ಲ ಮೊದಲು ಬರೆಯಬೇಕಾದ್ದು, ಹೊರಟಾಗ ಬ್ಯಾಗಿನಲ್ಲಿ ಏನು ತಂದೆ ಎಂದು.

"ಮದುವೆ ಆಲ್ಬಮ್ ತಂದಳಂತೆ. ಹೂಕುಂಡ ತಂದಳಂತೆ! ಮೂರು ಮಹಡಿ ಇಳಿಸ್ಕೊಂಡು! ಅವಳೇನು ಮನೆ ಬಿಟ್ಟಳೋ, ಪ್ರದರ್ಶನಕ್ಕೆ ಹೊರಟಳೋ?"

"ಮತ್ತೆ ನೀವೆಲ್ಲ ಏನು ತಂದ್ರಿ?"

"ಚಾರ್ಜರು. ಬೀಪಿ ಮಾತ್ರೆ. ಗುರುತಿನ ಚೀಟಿ, ಪಾಸ್‌ಬುಕ್ಕು. ಬೆನ್ನಿಗೆ ಹಾಕೋ ಬ್ಯಾಗೇ ಆಗಬೇಕು ಮೇಡಂ, ಚಿಲಕ ಸದ್ದಾಗದ ಹಾಗೆ ಹಿಡಿಯೋಕೆ ಎರಡೂ ಕೈ ಬೇಕು. ನಾನು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತೇದು ಹಾಕ್ಕೊಂಡು ಬಂದವಳು. ಅತ್ತೆಗೆ ಇವತ್ತಿಗೂ ಅದೇ ದುಃಖ."

ಅವಳು ಎಲ್ಲವನ್ನೂ ಬರೆದುಕೊಂಡಳು. ಕರಡು ತಿದ್ದಿದವಳ ಅಭ್ಯಾಸ, ತಪ್ಪು ಎಲ್ಲಿ ಎಂದು ಗೊತ್ತಾದರೆ ಕೈ ಸುಮ್ಮನಿರುವುದಿಲ್ಲ.

"ಹೊರಡೋಕೆ ಯಾವ ಹೊತ್ತು ಒಳ್ಳೇದು?"

"ಬೆಳಿಗ್ಗೆ. ಕಸ ಹಾಕೋಕೆ ಹೋದ ಹಾಗೆ. ಯಾರೂ ಕೇಳಲ್ಲ."

"ಆಮೇಲೆ ಎಲ್ಲಿಗೆ?"

"ಮೊದಲನೇ ವಾರ ನಮ್ಮಲ್ಲೇ ಯಾರಾದ್ರೂ ಇಟ್ಕೊಳ್ತೀವಿ. ಯಾಕೆ ಮೇಡಂ ಇಷ್ಟು ಕೇಳ್ತೀರಿ?"

"ವರದಿ ಪೂರ್ತಿ ಇರಬೇಕಲ್ಲ."

"ಒಂದೇ ಸಾಲು ಬರೀರಿ. ಅವಳು ಹೊರಟವಳಲ್ಲ. ತೆಗೀರಿ ಅವಳನ್ನ, ಇಲ್ಲಾಂದ್ರೆ ಮುನ್ನೂರು ಜನಾನೂ ಹೊರಡ್ತೀವಿ. ನಮಗೆ ಹೊರಡೋದೇನು ಹೊಸದಲ್ಲ."

ಅವಳು ಆ ಒಂದೇ ಸಾಲು ಬರೆದಳು: 'ಮೂರನೇ ಮಹಡಿ ಮನೆ ಬಿಟ್ಟದ್ದು ಸುಳ್ಳೆಂದು ತನಿಖೆಯಿಂದ ಸಾಬೀತಾಗಿದೆ, ತೆಗೆದುಹಾಕಲಾಗಿದೆ.' ಇಪ್ಪತ್ತೆರಡು ದಿನದ ಬರಹ ಒಂದು ಗುಂಡಿ ಒತ್ತಿದ್ದಕ್ಕೆ ಅಳಿಸಿಹೋಯಿತು.

"ಕಂಪನಿ ಉಳೀತು ಚಿಕ್ಕಮ್ಮ!" ಅಕ್ಕನ ಮಗ ಮತ್ತೆ ಫೋನು ಮಾಡಿದ. "ಆ ಜಾಗಕ್ಕೆ ಇನ್ನೊಬ್ಬಳನ್ನ ಬೇಗ ಸೇರಿಸಿ. ಈ ಸಲ ಅನುಮಾನ ಬರದ ಹಾಗಿರಲಿ. ನಿಮ್ಮನೆಯಷ್ಟು ನಿಶ್ಶಬ್ದ ನಮ್ಮನೇಲಿದ್ದಿದ್ರೆ ನಾನೇ ಕೂತು ಬರೀತಿದ್ದೆ."

"ಆಯ್ತಪ್ಪ. ಸೇರಿಸ್ತೀನಿ."

ಅವಳು ಹೊಸ ಸದಸ್ಯರ ಅರ್ಜಿ ತೆರೆದಳು. ಹೆಸರು ಎಂಬಲ್ಲಿ ಎರಡು ವರ್ಷದಲ್ಲಿ ಮೊದಲ ಸಲ ತನ್ನದೇ ಹೆಸರು ಹಾಕಿದಳು. ಬಾಳಿದ ವರ್ಷಗಳು: ಇಪ್ಪತ್ತಾರು.

ಮನೆ ಬಿಟ್ಟ ದಿನಾಂಕ ಎಂಬಲ್ಲಿ ಬರುವ ಗುರುವಾರದ ತಾರೀಖು ತುಂಬಿ, ಯಾರಿಗೂ ಕಳಿಸದೆ, ಉಳಿಸಿಟ್ಟಳು.