ಇಲಾರಿಯೋನ ಗೂಡು

"ಈ ಸಂತೇಲೂ ಯಾರೂ ಕಾಸು ಇಡದೆ ಹೋದ್ರೆ ನಿನ್ನ ಮಗನ ಹೆಸರು ಅಳಿಸಿಬಿಡ್ತೀನಿ ನೋಡು, ಎರ್ಮೆಲಿಂದಮ್ಮ," ಎಂದ ಸಾಬಿನೋ, ಬುಟ್ಟಿಯಿಂದ ಗಿನಿಹಂದಿಯನ್ನು ಎತ್ತಿಕೊಳ್ಳುತ್ತ.

"ನಾನು ಇಡ್ತಾ ಇದೀನಲ್ಲೋ."

"ಹೆತ್ತವಳ ಕಾಸು ಲೆಕ್ಕಕ್ಕಿಲ್ಲ."

ಅವನ ಆಟ ಬೆಟ್ಟದ ಜನಕ್ಕೆಲ್ಲ ಗೊತ್ತು. ನೆಲದ ಮೇಲೆ ಸುತ್ತಲೂ ಪುಟ್ಟ ಮರದ ಗೂಡುಗಳು, ನಡುವೆ ಬೋರಲು ಹಾಕಿದ ಡಬ್ಬಿಯೊಳಗೆ ಗಿನಿಹಂದಿ. ಡಬ್ಬಿ ಎತ್ತಿದಾಗ ಅದು ಯಾವ ಗೂಡಿಗೆ ನುಗ್ಗುತ್ತದೋ ಅದರ ಮೇಲೆ ಕಾಸಿಟ್ಟವರಿಗೆ ಪ್ಲಾಸ್ಟಿಕ್ ಬೋಗುಣಿ. ಪೆರು ಫುಟ್‌ಬಾಲ್ ತಂಡ ಗೆಲ್ಲತೊಡಗಿದ ಮೇಲೆ ಸಾಬಿನೋ ಗೂಡುಗಳ ಅಂಕಿ ಅಳಿಸಿ ಆಟಗಾರರ ಹೆಸರು ಬರೆಸಿದ್ದ. ಜನ ಯೆರ್ಸನ್‌ನ ಗೂಡಿಗೇ ಮುಗಿಬೀಳುತ್ತಿದ್ದರು. ಯೆರ್ಸನ್ ಗೋಲು ಹೊಡೆಯುವವನು, ಶಾಂಪೂ ಜಾಹೀರಾತಿನಲ್ಲಿ ಕೂದಲು ಹಾರಿಸುವವನು. ಎರ್ಮೆಲಿಂದಮ್ಮನ ಮಗ ಇಲಾರಿಯೋ ಇದೇ ಊರಿನ ಹುಡುಗ, ಆದರೆ ಹಿಂದೆ ನಿಂತು ಚೆಂಡು ತಡೆಯುವವನು. ಅವನ ಗೂಡಿಗೆ ಜೇಡ ಬಲೆ ಕಟ್ಟುವುದೊಂದು ಬಾಕಿ ಇತ್ತು.

ಪಕ್ಕದಲ್ಲಿ ಆಲೂಗಡ್ಡೆ ಹರವಿಕೊಂಡಿದ್ದ ದೋಮಿತಿಲಾ ಸುಮ್ಮನಿರಲಿಲ್ಲ. "ನಿನ್ನ ಮಗ ಟೀವೀಲಿ ಕಾಣೋದು ಯೆರ್ಸನ್‌ನ ತಬ್ಬಿಕೊಂಡಾಗ ಮಾತ್ರ ಕಣೇ. ಅದೂ ಬರೀ ಬೆನ್ನು!"

"ನನ್ನ ಮಗ ತಡೀದೆ ಹೋಗಿದ್ರೆ ನಿನ್ನ ಯೆರ್ಸನ್ ಹೊಡೆದ ಗೋಲು ಯಾವ ಪುರುಷಾರ್ಥಕ್ಕೆ ಆಗ್ತಿತ್ತೇ?" ಎನ್ನುತ್ತ ಎರ್ಮೆಲಿಂದಮ್ಮ ಮಗನ ಗೂಡಿನ ಮೇಲೆ ತನ್ನ ಒಂದೇ ನಾಣ್ಯ ಇಟ್ಟಳು.

ಎಲ್ಲರೂ ಯೆರ್ಸನ್‌ನ ಗೂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೆಲ ಬಡಿದರು, ಸಿಳ್ಳೆ ಹಾಕಿದರು. ಸಾಬಿನೋ ಡಬ್ಬಿ ಎತ್ತಿದ. ಗದ್ದಲಕ್ಕೆ ಗಿನಿಹಂದಿಯ ಕಿವಿ ನಡುಗಿತು. ಅದು ಗಕ್ಕನೆ ತಿರುಗಿ, ಸದ್ದಿಲ್ಲದ ಕಡೆಗೆ ಓಡಿ, ಇಲಾರಿಯೋನ ಗೂಡಿನಲ್ಲಿ ಅಡಗಿಕೊಂಡಿತು.

ಮೊದಲು ಎದ್ದವಳು ದೋಮಿತಿಲಾಳೇ. "ಇವತ್ತು ಇಲಾರಿಯೋನ ದಿನ ಕಣ್ರೋ! ಏನಂದ್ರೂ ನಮ್ಮೂರ ಮಗ!"

ಜನವೆಲ್ಲ ಈ ಬದಿಗೆ ಸರಿಯಿತು. ಗೂಡಿನ ಮೇಲೆ ಕಾಸು ಇಡಲು ಜಾಗವಿಲ್ಲದಾಯಿತು. ಎರ್ಮೆಲಿಂದಮ್ಮ ಗೆದ್ದ ಕೆಂಪು ಬೋಗುಣಿಯನ್ನು ಎದೆಗವಚಿಕೊಂಡು ಹಿಂದೆ ನಿಂತಳು.

"ಇಲಾರಿಯೋ! ಇಲಾರಿಯೋ!" ಕೂಗಿಗೆ ಕೋಳಿ ಮಾರುವವರೂ ಬಂದು ದನಿಗೂಡಿಸಿದರು. ಮತ್ತೆ ಡಬ್ಬಿ ಎದ್ದಿತು. ಗಿನಿಹಂದಿ ಬೆಚ್ಚಿಬಿದ್ದು, ಬಿಕೋ ಎನ್ನುತ್ತಿದ್ದ ಯೆರ್ಸನ್‌ನ ಗೂಡಿಗೆ ನೇರ ನುಗ್ಗಿತು.

"ಥೂ, ಹಾಳು ಪ್ರಾಣಿ!" ಎಂದು ಜನ ಕೈ ಕೊಡವಿದರು. ಸಾಬಿನೋ ಕಾಸು ಬಾಚಿಕೊಳ್ಳುತ್ತ ನಕ್ಕ. "ಹೆಸರು ಇರ್ಲಿ ಬಿಡು, ಎರ್ಮೆಲಿಂದಮ್ಮ. ಯೆರ್ಸನ್ ಕೂಡ ನನಗೆ ಇಷ್ಟು ದುಡಿದು ಕೊಟ್ಟಿರಲಿಲ್ಲ."

ದೋಮಿತಿಲಾ ತಿರುಗಿ ನೋಡಿದಳು. "ಮಗ ಸೋತ್ರೂ ನಗ್ತಾ ನಿಂತಿದೀಯಲ್ಲೇ?"

"ಸೋತನಾ?" ಎರ್ಮೆಲಿಂದಮ್ಮ ಆಗಷ್ಟೇ ಕಣ್ಣು ತೆರೆದಳು. "ನಾನು ನೋಡಲೇ ಇಲ್ಲ ಕಣೇ. ಅವನ ಹೆಸರು ಕೇಳ್ತಾ ಇದ್ದೆ."